ಸಂತ ಥಿಯೊಡೋರನ ಅರ್ಧ ಬೀದಿ

"ಓಡು, ವೆನಿಸಾ! ಹಿಂದೆ ನೋಡಬೇಡ!"

ಕಿಸ್ಟಾ ಮೆಟ್ರೋ ಸ್ಟೇಷನ್. 2007ರ ಮಾರ್ಚ್, ಮಧ್ಯಾಹ್ನ ಎರಡೂವರೆ. ನಾನು ಹಾಗೆ ಕೂಗುತ್ತಾ, ಎದೆಗೆ ಒಂದು ಬ್ಯಾಗು ಅವುಚಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಒಳಗೆ ಎರಡು ಗಾಜಿನ ಹಲಗೆ. ನಡುವೆ ಒಂದು ಹಳೇ ಹಾಳೆ.

ಹಿಂದೆ ಬೂಟಿನ ಸದ್ದು... ಹತ್ತಿರ... ಇನ್ನೂ ಹತ್ತಿರ!

ನೀಲಿ ಲೈನಿನ ರೈಲು ನಿಂತಿತ್ತು. ಒಳಗೆ ಹಾರಿದೆವು. ಬಾಗಿಲು ಮುಚ್ಚಿತು.

ಮುಚ್ಚುವ ಮೊದಲು ಅವನೂ ಹತ್ತಿಬಿಟ್ಟಿದ್ದ.

ನಾನು ನಳಿನಿ. ಪರದೇಶಕ್ಕೆ ಬಂದು ನೆಲೆಸಿದ, ಕದ್ದ ಮಾಲು ಹುಡುಕಿಕೊಡುವ ಪ್ರೈವೇಟ್ ಡಿಟೆಕ್ಟಿವ್. ಗಟ್ಟಿಗಿತ್ತಿ ಅಂತ ಹೆಸರು. ಆ ದಿನ ಮಾತ್ರ ಹೆದರಿದ್ದೆ... ನಿಮ್ಮ ಹತ್ತಿರ ಸುಳ್ಳೇಕೆ?

ವೆನಿಸಾ ನಮ್ಮ ಕರಾವಳಿಯ ಶಿರ್ವದವಳು. ಹಳೇ ಗ್ರೀಕ್ ಓದಬಲ್ಲವಳು. ಲಿಂಡ್‌ಮಾನ್ ಎಂಬ ಪುರಾತನ ವಸ್ತುಗಳ ವ್ಯಾಪಾರಿಯ ಕಂಪನಿಯಲ್ಲಿ ಕೆಲಸ. ಅವನು ಮಾರಲು ಹೊರಟಿದ್ದ ಆ ಹಾಳೆ ಈಜಿಪ್ಟಿನದು, ಸಾವಿರದ ನಾನೂರು ವರ್ಷದ ಹಿಂದಿನ ತೆರಿಗೆ ಪಟ್ಟಿ. ಊರಿನ ಬೀದಿಗಳಿಗೆಲ್ಲ ಸಂತರ ಹೆಸರು. ಸಂತ ಥೆಕ್ಲಾ ಬೀದಿ, ಸಂತ ಸೆರ್ಗಿಯಸ್ ಬೀದಿ... ಕೊನೆಯದು ಮಾತ್ರ ಅರ್ಧ. 'ಸಂತ ಥಿಯೊ' ಎಂಬಲ್ಲಿಗೆ ಹಾಳೆ ಹರಿದಿತ್ತು.

ಉಳಿದ 'ಡೋರ್' ಈಜಿಪ್ಟಿನ ಒಂದು ಮ್ಯೂಸಿಯಂನಲ್ಲಿತ್ತು!

ಎರಡು ತುಂಡೂ ಮೊದಲು ಅಲ್ಲೇ ಇದ್ದವು. ಒಂದು ಕಳುವಾಗಿತ್ತು. ವೆನಿಸಾ ಮ್ಯೂಸಿಯಂನ ಫೋಟೋ ಪಕ್ಕದಲ್ಲಿಟ್ಟು ನೋಡಿದಳು. ಅಂಚಿಗೆ ಅಂಚು ಕೂಡಿತು.

"ಆ ಅಂಚು ಕತ್ತರಿಸಿ ಹಾಕು. ಮಾಲು ಕ್ಲೀನ್ ಅಂತ ಸೈನ್ ಮಾಡು," ಎಂದನಂತೆ ಲಿಂಡ್‌ಮಾನ್.

ಅವಳು ಹಾಳೆ ಎತ್ತಿಕೊಂಡು ಸೀದಾ ನನ್ನ ಆಫೀಸಿಗೆ ಓಡಿಬಂದಳು. ಪೊಲೀಸರಿಗೆ ಒಪ್ಪಿಸಲು ಇಬ್ಬರೂ ಹೊರಟಿದ್ದೆವು.

ಬೆನ್ನಟ್ಟಿ ರೈಲು ಹತ್ತಿದವನು ಎದುರಿಗೇ ಬಂದು ಕುಳಿತ. ಉಲ್ಫ್. ಲಿಂಡ್‌ಮಾನ್ ಸಾಕಿಕೊಂಡಿದ್ದ ಆಳು. ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ ಮಾತಾಡಿದ.

"ಬ್ಯಾಗ್ ಕೊಡಿ."

"ಕೊಡಲ್ಲ ಅಂದ್ರೆ?" ಎಂದೆ.

ಅವನು ವೆನಿಸಾಳ ಕಡೆ ತಿರುಗಿದ. "ನಿನ್ನ ಮಗಳು ಸ್ಟೆಫನಿ, ಅಲ್ವಾ? ಸೋಲ್ನಾದಲ್ಲಿ ಡೇಕೇರ್. ಕೆಂಪು ಟೋಪಿ. ಇವತ್ತು ನಾನೇ ಪಿಕಪ್ ಮಾಡ್ಲಾ?"

ವೆನಿಸಾ ಬಿಳಿಚಿಕೊಂಡಳು.

"ಅಕ್ಕಾ... ಕೊಟ್ಬಿಡಿ! ಪ್ಲೀಸ್, ಕೊಟ್ಬಿಡಿ!"

ಕೊಟ್ಟರೆ ಮುಗಿಯುತ್ತಿತ್ತೇ? ಸಾಕ್ಷಿ ಹೇಳಲು ನಾವಿಬ್ಬರು ಉಳಿಯುತ್ತಿದ್ದೆವು. ಎಷ್ಟು ದಿನ ಉಳಿಯುತ್ತಿದ್ದೆವೋ...

ಗಾಜು ಹೊರತೆಗೆದೆ. ಎದ್ದು ನಿಂತು ತಲೆಯ ಮೇಲೆ ಎತ್ತಿದೆ.

"ಬೀಳಿಸ್ತೀನಿ!"

"ನಿನಗೆ ಧೈರ್ಯ ಇಲ್ಲ."

ನಿಜ. ಇರಲಿಲ್ಲ. ಅಂಗೈ ಬೆವರಿಗೆ ಗಾಜು ಜಾರುತ್ತಿತ್ತು. ರೈಲು ಜೋಲಿ ಹೊಡೆಯಿತು... ಒಂದು ಬೆರಳು ಬಿಟ್ಟೇಹೋಯಿತು! ವೆನಿಸಾ ಚೀರಿದಳು.

ಉಲ್ಫ್‌ನ ನಗು ಆರಿತು. ನಾನು ನಾಟಕವಾಡುತ್ತಿಲ್ಲ ಎಂದು ಅವನಿಗೆ ತಿಳಿಯಿತು. ಪುಡಿಯಾದ ಹಾಳೆ ಒಯ್ದರೆ ಲಿಂಡ್‌ಮಾನ್ ಅವನನ್ನು ಬಿಡುತ್ತಿರಲಿಲ್ಲ. ಈಗ ಹೆದರಿದವರು ಮೂವರು!

"ನಿನ್ನ ಫೋನ್ ಸೀಟ್ ಮೇಲಿಡು, ಯಾರಿಗೂ ಕರೆ ಮಾಡಕೂಡದು. ಮುಂದಿನ ಸ್ಟೇಷನ್‌ನಲ್ಲಿ ಇಳಿ," ಎಂದೆ.

ಹಾಲನ್‌ಬೆರ್ಯೆನ್ ಸ್ಟೇಷನ್ ಬಂತು. ಇಳಿದ. ಬಾಗಿಲು ಮುಚ್ಚಿತು. ನಾನು ಸೀಟಿಗೆ ಕುಸಿದೆ.

ವೆನಿಸಾ ಡೇಕೇರ್‌ಗೆ ಫೋನ್ ಮಾಡಿದಳು. "ಸ್ಟೆಫನಿ ಅಲ್ಲೇ ಇದ್ದಾಳಾ?"

ಯಾರೋ ಹುಡುಕಲು ಹೋದರು. ಆ ಒಂದು ನಿಮಿಷ ವೆನಿಸಾಳ ಉಗುರು ನನ್ನ ತೋಳಿಗೆ ನೆಟ್ಟಿತ್ತು.

ಇದ್ದಳು. ಬನ್ ತಿನ್ನುತ್ತಾ ಕೂತಿದ್ದಳು.

ಮಗುವನ್ನು ಕರೆದುಕೊಂಡೇ ಪೊಲೀಸರ ಬಳಿ ಹೋದೆವು. ಹಾಳೆ ಕೊಟ್ಟೆವು, ಉಲ್ಫ್‌ನ ಫೋನೂ ಕೊಟ್ಟೆವು. ಅದರ ತುಂಬ ಲಿಂಡ್‌ಮಾನ್‌ನ ಮೆಸೇಜುಗಳು! ವಾರದೊಳಗೆ ಲಿಂಡ್‌ಮಾನ್, ಉಲ್ಫ್ ಇಬ್ಬರೂ ಒಳಗೆ.

ಕಂಪನಿಗೆ ಬೀಗ ಬಿತ್ತು. ಅದರ ಜೊತೆ ವೆನಿಸಾಳ ಕೆಲಸ ಹೋಯಿತು, ಆ ಕೆಲಸಕ್ಕೆಂದೇ ಸಿಕ್ಕಿದ್ದ ವರ್ಕ್ ಪರ್ಮಿಟ್ಟೂ ಹೋಯಿತು.

ಕದ್ದ ಹಾಳೆಯನ್ನು ಅದರ ಊರಿಗೆ ಕಳಿಸಲು ಎರಡು ವರ್ಷ ಹಿಡಿಯಿತು. ಅದನ್ನು ಉಳಿಸಿದವಳನ್ನು ಅವಳ ಊರಿಗೆ ಕಳಿಸಲು ಎರಡು ತಿಂಗಳು ಸಾಕಾಯಿತು!