ತುರಚೆ ಗಿಡದ ದಾರಿ

ಕೂತು ಮೀನು ಕಾಯುತ್ತಿರುವವರ ಹತ್ತಿರ ಹೋಗಬಾರದು. ವಿಂಡಲ್ ಹೊಳೆಯ ದಂಡೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಯಾರೂ ಬಾಯಿಬಿಟ್ಟು ಕಲಿಸುವುದಿಲ್ಲ. ಚರ್ಚಿನೊಳಗೆ ಹೋದಾಗ ದನಿ ತಗ್ಗಿಸುವ ಹಾಗೆ ತಾನಾಗಿ ಬಂದುಬಿಡುತ್ತದೆ. ಅದಕ್ಕೇ ಆ ಸಂಜೆಯೂ ಮೇವಿಸ್ ಕೋಲ್, ವಿಲೋ ಮರದ ಕೆಳಗಿನ ಬೆಂಚಿನ ಮೇಲೆ ಐವರ್ ಪೆಲ್ ಕೂತಿರುವುದನ್ನು ದೂರದಿಂದಲೇ ಕಂಡು, ಬೆನ್ನು ಬಗ್ಗಿಸಿ, ಬೇಲಿ ದಾಟಿ, ತುರಚೆ ಗಿಡಗಳು ಸೊಂಟದೆತ್ತರ ಬೆಳೆದಿದ್ದ ಹೊಲಕ್ಕೆ ಇಳಿದಳು.

ಮೊಣಕಾಲಿನಿಂದ ಕೆಳಗೆ ಚುರುಚುರು ಉರಿಯಿತು. ಉರಿದರೆ ಉರಿಯಲಿ ಎಂದುಕೊಂಡಳು. ದಂಡೆಯ ಮೇಲೆ ನಡೆದರೆ ಹೆಜ್ಜೆಯ ಅದುರು ನೀರಿಗೆ ತಾಗುತ್ತದೆ, ನೆರಳು ನೀರಿಗೆ ಬೀಳುತ್ತದೆ, ಮೀನು ಓಡುತ್ತದೆ. ಇನ್ನೊಬ್ಬರ ಮೀನನ್ನು ಓಡಿಸುವುದೆಂದರೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ. ಅದರಲ್ಲೂ ಐವರ್ ಪೆಲ್‌ನ ಮೀನು.

ಆದರೆ ಕಣ್ಣಿಗೆ ಈ ಮರ್ಯಾದೆಯೆಲ್ಲ ಎಲ್ಲಿ ತಿಳಿಯುತ್ತದೆ. ಎಲೆಗಳ ಸಂದಿಯಿಂದ ಅದು ತನ್ನ ಕೆಲಸ ಮಾಡುತ್ತಲೇ ಇತ್ತು. ಕಾಲರಿನ ಮೇಲೆ ಇಳಿದಿದ್ದ ಅವನ ಕೂದಲು, ಕತ್ತರಿಸುವವರಿಲ್ಲದೆ ಬೆಳೆದದ್ದು. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ ಗಾಳದ ಕೋಲು, ಅದನ್ನು ಹಿಡಿದ ಕೈಯ ಉದ್ದ ಬೆರಳುಗಳು. ಒಮ್ಮೆ ಅವನು ತಲೆ ತಿರುಗಿಸಿದಂತಾಯಿತು. ಮೇವಿಸ್ ಇನ್ನೂ ಬಗ್ಗಿದಳು. ಗಲ್ಲಕ್ಕೂ ತುರಚೆ ತಾಗಿತು.

ಅವಳು ಹೊಳೆ ಕಾಯುವ ಸೆತ್ ಕೋಲ್‌ನ ಒಬ್ಬಳೇ ಮಗಳು. ಮದುವೆಯ ವಯಸ್ಸು ಮೀರಿತು ಎಂದು ಊರು ಮಾತಾಡಿ ಸುಸ್ತಾಗಿ ಬಿಟ್ಟಿತ್ತು. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಕೂತು, ಸಣ್ಣ ಗಾಳಕ್ಕೆ ರೇಷ್ಮೆ ದಾರ ಸುತ್ತಿ, ಹುಂಜದ ಕತ್ತಿನ ಗರಿ ಕಟ್ಟಿ, ಟ್ರೌಟ್ ಮೀನಿಗೆ ಹುಸಿ ನೊಣ ಮಾಡಿಕೊಡುವುದು ಅವಳ ಕೆಲಸ. ಹೊಳೆಯಲ್ಲಿ ಗಾಳ ಹಾಕುವ ಕ್ಲಬ್ಬಿನವರು ಟೋಪಿಗಳಿಗೆ ಸಿಕ್ಕಿಸಿಕೊಳ್ಳುವುದೆಲ್ಲ ಅವಳ ನೊಣಗಳೇ. ತನ್ನ ಕೈಯ ಬಗ್ಗೆ ಅವಳಿಗೆ ಎಂದೂ ಅನುಮಾನ ಬಂದದ್ದಿಲ್ಲ. ಕಣ್ಣಿನ ಬಗ್ಗೆಯೂ ಅಷ್ಟೆ. ನೀರಿನ ಮೇಲೆ ಬಿಡಿಸಿಕೊಂಡ ಒಂದು ಉಂಗುರ ನೋಡಿದರೆ ಕೆಳಗಿನ ಮೀನು ಎಷ್ಟು ದೊಡ್ಡದು, ಏನು ತಿನ್ನುತ್ತಿದೆ ಎಂದು ಹೇಳಿಬಿಡುತ್ತಿದ್ದಳು.

ವಿಂಡಲ್‌ನಲ್ಲಿ ಹುಳ ಚುಚ್ಚಿ ನೀರಿಗೆ ಬಿಟ್ಟು ತೂಕಡಿಸುವ ಹಾಗಿಲ್ಲ. ಸುಣ್ಣಕಲ್ಲಿನ ಗುಡ್ಡದಿಂದ ಸೋಸಿ ಬಂದ ನೀರು ಗಾಜಿನಂತಿರುತ್ತದೆ. ಮೀನು ನಮಗೆ ಕಾಣುತ್ತದೆ, ನಾವು ಅದಕ್ಕೆ ಕಾಣಬಾರದು. ಅದು ತಾನಾಗಿ ಮೇಲೆ ಬಂದು ನಿಜವಾದ ನೊಣವೊಂದನ್ನು ಹೀರುವ ತನಕ ಗಾಳ ಎಸೆಯುವಂತಿಲ್ಲ. ಎಸೆದರೆ ಹಿಂದಿನಿಂದ, ಹರಿವಿಗೆ ಎದುರಾಗಿ. ಕಟ್ಟಿದ ನೊಣ ಒದ್ದೆಯಾಗದೆ, ಕಾಲೂರಿ ನಿಂತ ಹಾಗೆ ತೇಲಿ ಬರಬೇಕು. ದಾರ ಅದನ್ನು ಕೂದಲೆಳೆಯಷ್ಟು ಜಗ್ಗಿದರೂ ಮೀನಿಗೆ ಮೋಸ ತಿಳಿಯುತ್ತದೆ. ಎಲ್ಲ ಸರಿಹೋಗಿ, ಆ ಮೂತಿ ನೀರಿನಿಂದ ಮೇಲೆದ್ದು ನೊಣವನ್ನು ತೆಗೆದುಕೊಂಡಿತೆನ್ನಿ, ಆಗಲೂ ಕೈ ತಡೆಯಬೇಕು. ಬಾಯಿ ಮುಚ್ಚಿ ತಿರುಗುವಷ್ಟು ಹೊತ್ತು ಕೊಡಬೇಕು. ಅವಸರಪಟ್ಟು ಎತ್ತಿದವರಿಗೆ ಬರಿ ದಾರ. ಆ ಹೊತ್ತನ್ನು ಅಳೆಯಲು ಒಬ್ಬೊಬ್ಬರು ಒಂದೊಂದು ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ. ಮೇವಿಸ್ ಹೇಳಿಕೊಳ್ಳುವುದು ತೀರಿಹೋದ ಅಮ್ಮನ ಮಾತು. ಅಪ್ಪ ಹೊಳೆಯ ಕಡೆಯಿಂದ ಕೂಗಿದಾಗಲೆಲ್ಲ ಅಮ್ಮ ಒಳಗಿನಿಂದ ಎನ್ನುತ್ತಿದ್ದಳು: ಬಂದೆ, ಟೀಗೆ ನೀರಿಟ್ಟು ಬಂದೆ.

ಹೀಗೆ ಕಾಯುವ ಸುಖ ಗೊತ್ತಿರುವ ಮನುಷ್ಯನನ್ನು ಮೇವಿಸ್ ಬೇಡವೆಂದರೂ ಗಮನಿಸುತ್ತಿದ್ದಳು. ಐವರ್ ಪೆಲ್ ಯುದ್ಧ ಮುಗಿದ ಮೇಲೆ ಯಾರ್ಕ್‌ಷೈರಿನಿಂದ ಬಂದವನು. ಹಳೆಯ ಗಿರಣಿಯ ಅಟ್ಟವನ್ನು ಬಾಡಿಗೆಗೆ ಹಿಡಿದು, ಬಿದಿರು ಸೀಳಿ ಅಂಟಿಸಿ ಗಾಳದ ಕೋಲು ಮಾಡುತ್ತಿದ್ದ. ಚಳಿಗಾಲದಲ್ಲಿ ರೇಷ್ಮೆ ದಾರದ ನೆಪದಲ್ಲಿ ಅವಳು ಅಲ್ಲಿಗೆ ಹೋಗುತ್ತಿದ್ದಳು. ಅವನು ಬಿದಿರಿನ ಸೀಳನ್ನು ಬೆಳಕಿಗೆ ಹಿಡಿದು, ಅದರಾಚೆಯಿಂದ ಅವಳನ್ನು ನೋಡುತ್ತಿದ್ದ. ಶರತ್ಕಾಲದ ಕೊನೆಯ ದಿನ ಅವಳು ಅವನಿಗೊಂದು ಮೇ ನೊಣ ಕಟ್ಟಿಕೊಟ್ಟಿದ್ದಳು. ಥ್ಯಾಂಕ್ಸ್ ಎಂದು ಕೋಟಿನ ಕಾಲರಿಗೆ ಸಿಕ್ಕಿಸಿಕೊಂಡಿದ್ದ. ಚಳಿಗಾಲವಿಡೀ ಅದು ಅಲ್ಲೇ ಇತ್ತು.

ವಸಂತ ಬಂದರೆ ಮಾತು ಮುಂದುವರಿಯಬಹುದು ಎಂದುಕೊಂಡಿದ್ದಳು. ವಸಂತ ಬಂತು, ಮೇ ನೊಣಗಳು ಹೊಳೆಯಿಂದ ಏಳತೊಡಗಿದವು, ಇವನು ಹೋಗಿ ಆ ಬೆಂಚಿನ ಮೇಲೆ ಕೂತುಬಿಟ್ಟ. ಎದುರಿಗೆ ವಿಲೋ ಬೇರಿನ ಸಂದಿಯಲ್ಲಿ ಊರಿಗೇ ಗೊತ್ತಿರುವ ಒಂದು ಮುದಿ ಟ್ರೌಟ್ ಇತ್ತು. ಹೊಟ್ಟೆ ದೊಡ್ಡದು, ಊಟ ನಿಧಾನ, ಗಡಿಬಿಡಿಯೇ ಇಲ್ಲವೆಂದು ಅಪ್ಪ ಅದಕ್ಕೆ ಪಾದ್ರಿ ಎಂದು ಹೆಸರಿಟ್ಟಿದ್ದ. ದಿನಾ ಸಂಜೆ ಐವರ್‌ಗೆ ಪಾದ್ರಿಯದೇ ಧ್ಯಾನ. ಒಂದು ಮೀನು ತನ್ನ ಗಂಡಸನ್ನು ಕಿತ್ತುಕೊಂಡಿತಲ್ಲ ಎಂದು ಮೇವಿಸ್‌ಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಡಾರ್ಕಸ್ ಅತ್ತೆ, ಅಪ್ಪನ ತಂಗಿ, ಊರಿನ ಅಂಗಡಿ ನಡೆಸುವವಳು. ಮೇವಿಸ್ ದಿನಾ ಸಂಜೆ ಅಲ್ಲಿಗೆ ಹೋಗಿ ಟೀ ಕುಡಿದು ಬರುವುದು ರೂಢಿ. ಆ ದಿನ ಬಾಗಿಲಲ್ಲೇ ಅತ್ತೆ ಅವಳ ಕಾಲು ನೋಡಿದಳು. ಹಿತ್ತಲಿಗೆ ಹೋಗಿ, ತುರಚೆಯ ಉರಿ ತಣಿಸುವ ಡಾಕ್ ಎಲೆ ಕಿತ್ತುಕೊಂಡು ಬಂದು, ಅಂಗೈಯಲ್ಲಿ ಹಿಸುಕಿ, ಬೊಬ್ಬೆಗಳಿಗೆ ತಿಕ್ಕತೊಡಗಿದಳು.

"ಹಸು ಕೂಡ ಒಂದ್ಸಲ ಉರಿ ತಿಂದ ಮೇಲೆ ಆ ಕಡೆ ಹೋಗಲ್ಲ ಕಣೇ. ನಿಂಗೇನು ಬಂತು?"

"ದಂಡೆ ಮೇಲೆ ಮಿಸ್ಟರ್ ಪೆಲ್ ಕೂತಿದ್ರು ಅತ್ತೆ. ಪಾದ್ರೀನ ಕಾಯ್ತಿದಾರೆ."

"ಇನ್ನೂ ಹಿಡಿದಿಲ್ವಾ? ಒಂದೇ ಕಣ್ಣಿದ್ದ ನಿಮ್ಮ ಮಾವ ಆಗಿದ್ರೆ ಎರಡು ಸಂಜೇಲಿ ಬಾಣಲೆಗೆ ಹಾಕಿರೋರು."

ಆಮೇಲೆ ಟೀ ಸುರಿಯುತ್ತ ಅತ್ತೆ ಸುದ್ದಿ ಬಿಚ್ಚಿದಳು. ಐವರ್ ಬೆಂಕಿಪೆಟ್ಟಿಗೆ ಕೊಳ್ಳಲು ಅಂಗಡಿಗೆ ಬಂದಿದ್ದನಂತೆ. ಉತ್ತರದ ಕಡೆಯ ಯಾವುದೋ ಕಾರ್ಖಾನೆಯವರು ಮೇಸ್ತ್ರಿ ಕೆಲಸಕ್ಕೆ ಕರೆದಿದ್ದಾರಂತೆ, ಶನಿವಾರದೊಳಗೆ ಉತ್ತರ ಹೇಳಬೇಕಂತೆ. ಹೋಗುತ್ತೀಯಾ ಎಂದು ಕೇಳಿದರೆ ಬೆಂಕಿಪೆಟ್ಟಿಗೆಯ ಚಿತ್ರ ನೋಡುತ್ತ ನಿಂತನಂತೆ.

"ಏನಂದ ಗೊತ್ತಾ? ಈ ಊರಲ್ಲಿ ನಾನಿರೋದು ಕೆಲವರಿಗೆ ಬೇಡ ಅನ್ಸುತ್ತೆ ಮಿಸೆಸ್ ಗೇಲ್, ನನ್ನ ಕಂಡ ಕೂಡ್ಲೇ ಬೇಲಿ ಹಾರ್ತಾರೆ ಅಂದ." ಅತ್ತೆ ಅವಳ ಕಾಲಿನತ್ತ ಕಣ್ಣು ಹಾಯಿಸಿದಳು. "ಯಾರಪ್ಪ ಅದು ಅಂತ ಯೋಚಿಸ್ತಾ ಇದ್ದೆ."

ಮೇವಿಸ್ ಟೀ ಕಪ್ ಕೆಳಗಿಟ್ಟಳು. ಅದು ಮರ್ಯಾದೆ ಅತ್ತೆ, ಎಂದಳು. ಮರ್ಯಾದೆ ನಿನ್ನ ಹೊಳೆಗೆ ಗೊತ್ತು, ಯಾರ್ಕ್‌ಷೈರಿಗೆ ಗೊತ್ತಾ ಎಂದಳು ಅತ್ತೆ. ಅಲ್ಲಿಯ ಹೊಳೆಗಳು ಕಲ್ಲಿಗೆ ಬಡಿದು ಸದ್ದು ಮಾಡುತ್ತವಂತೆ, ಮನುಷ್ಯರ ಹೆಜ್ಜೆ ಯಾವ ಮೀನಿಗೂ ಕೇಳಿಸುವುದಿಲ್ಲವಂತೆ. ಅಲ್ಲಿ ಒಬ್ಬ ಕೂತಿದ್ದರೆ ಇನ್ನೊಬ್ಬ ಹೋಗಿ ಪಕ್ಕದಲ್ಲಿ ಕೂರುತ್ತಾನಂತೆ.

ಮನೆಗೆ ಹಿಂದಿರುಗುವಾಗ ಮೇವಿಸ್‌ಗೆ ಇನ್ನೊಂದು ವಿಷಯ ಕೊರೆಯಿತು. ಏಪ್ರಿಲ್‌ನಲ್ಲಿ ಇವನು ಗಾಳ ಎಸೆಯುವುದನ್ನು ನೋಡಿದ್ದಳು. ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುವುದಕ್ಕೂ ಅವನ ಮಣಿಕಟ್ಟಿಗೂ ಸಂಬಂಧವೇ ಇಲ್ಲವೇನೋ ಎಂಬಷ್ಟು ಹಗುರ. ಅಂಥವನಿಗೆ ಪಾದ್ರಿ ಇಷ್ಟು ದಿನ ಸಿಗಲಿಲ್ಲವೆಂದರೆ ಏನೋ ಸರಿಯಿಲ್ಲ. ನೀರನ್ನೆಲ್ಲ ಓದಿದವಳು ಈ ಮನುಷ್ಯನನ್ನು ತಪ್ಪಾಗಿ ಓದಿದಳೇ?

ಮರುದಿನ ಶುಕ್ರವಾರ. ಕಪಾಟಿನಲ್ಲಿ ಹುಡುಕಿ ಎಲ್ಲಕ್ಕಿಂತ ಹಳದಿಯಾದ ಕಾರ್ಡಿಗನ್ ತೊಟ್ಟಳು, ಮೀನು ಹಿಡಿಯುವವರು ಕನಸಿನಲ್ಲೂ ತೊಡದ ಬಣ್ಣ. ಬೇಲಿಯ ಕಡೆ ನೋಡಲೇ ಇಲ್ಲ. ದಂಡೆಯ ಮೇಲೆ, ಬೆನ್ನು ನೇರ ಮಾಡಿ, ಹಿಮ್ಮಡಿ ಊರಿ ನಡೆದಳು. ಅವಳ ನೆರಳು ನೀರಿನ ಮೇಲೆ ಉದ್ದಕ್ಕೆ ಬಿತ್ತು. ಪಾದ್ರಿ ಬಾಲ ಒಮ್ಮೆ ಬೀಸಿ ಬೇರಿನೊಳಗೆ ಮಾಯವಾದ. ಐವರ್ ಮೇಲೆದ್ದು ಬಾಯಿ ಬಿಟ್ಟುಕೊಂಡು ನಿಂತ.

"ನಿಮ್ಮ ಮೀನು ಓಡಿಸ್ಬಿಟ್ಟೆ, ಮಿಸ್ಟರ್ ಪೆಲ್," ಎಂದಳು. "ಕೂರ್ಲಾ?"

ಅವನು ಟೋಪಿ ತೆಗೆದ, ಮತ್ತೆ ಹಾಕಿದ, ಮತ್ತೆ ತೆಗೆದ. ಬೆಂಚನ್ನು ಅದೇ ಟೋಪಿಯಿಂದ ಒರೆಸಿದ. ಇಬ್ಬರೂ ಕೂತರು. ಮೊದಲು ಹವೆಯ ಮಾತು ಬಂತು, ಆಮೇಲೆ ಅಪ್ಪನ ಸೊಂಟನೋವು. ಕಾರ್ಖಾನೆಯ ಮಾತು ಬರಲಿಲ್ಲ. ಮೇವಿಸ್‌ಗೆ ಅವಸರವಿರಲಿಲ್ಲ. ಹೆದರಿದ ಮೀನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೊಟ್ಟರೆ ತಾನಾಗಿ ಬರುತ್ತದೆ. ಮೇ ನೊಣಗಳು ತಲೆಯ ಮೇಲೆ ಏರಿಳಿದು ಕುಣಿಯುತ್ತಿದ್ದವು. ಒಂದು ಅವಳ ಹಳದಿ ತೋಳಿನ ಮೇಲೆ ಕೂತಿತು. ಐವರ್ ಅದನ್ನು ನೋಡಿದ, ಆಮೇಲೆ ತೋಳನ್ನು, ಆಮೇಲೆ ಗಲ್ಲದ ಮೇಲಿನ ಬೊಬ್ಬೆಯನ್ನು. ಅವಳು ತಿರುಗಿದಾಗ ಅವನ ಕಣ್ಣು ಓಡಿಹೋಗಲಿಲ್ಲ.

ಆಗ ಬೇರಿನ ಪಕ್ಕದಲ್ಲಿ ಒಂದು ಉಂಗುರ ಬಿಡಿಸಿಕೊಂಡಿತು. ದೊಡ್ಡದು, ಸದ್ದಿಲ್ಲದ್ದು.

ಅವನು ಗಾಳದ ಕೋಲನ್ನು ಅವಳ ಕೈಗಿತ್ತ. ನೀವು ಎಸೆಯಿರಿ ಎಂದ. ಹಾಗಂದವನು ಒಮ್ಮೆಲೇ ಏನೋ ನೆನಪಾಗಿ ಕೈ ಚಾಚಿದ, ಆದರೆ ಅವಳು ಆಗಲೇ ಎದ್ದು ಮೊಣಕಾಲೂರಿದ್ದಳು. ಅವನೇ ಮಾಡಿದ ಕೋಲು; ಅವಳ ಕೈಯಲ್ಲಿ ಅದು ಉಸಿರಾಡಿದಂತೆ ಬಾಗಿತು. ದಾರ ಹಿಂದಕ್ಕೆ ಚಾಚಿ, ಮುಂದಕ್ಕೆ ಉರುಳಿ, ವಿಲೋ ಕೊಂಬೆಯಡಿ ನುಸುಳಿತು. ನೊಣ ಗರಿಯ ಕಾಲುಗಳ ಮೇಲೆ ನಿಂತು ತೇಲಿ ಬಂತು. ಪಾದ್ರಿ ಎದ್ದ. ಆ ಬಿಳಿ ಬಾಯಿ ತೆರೆಯಿತು, ಮುಚ್ಚಿತು.

ಬಂದೆ, ಟೀಗೆ ನೀರಿಟ್ಟು ಬಂದೆ. ಮೇವಿಸ್ ಕೋಲು ಎತ್ತಿದಳು.

ಭಾರವೇ ಇಲ್ಲ. ನೊಣ ನೀರಿನಿಂದ ಹಾರಿ ಅವಳ ಕಾಲ ಹತ್ತಿರ ಬಿತ್ತು. ಅಚ್ಚರಿ ಅದಲ್ಲ. ಗಾಳ ಚುಚ್ಚಿದ ಮೀನು ಹೊಳೆಯನ್ನೇ ಸೀಳಿಕೊಂಡು ಓಡುತ್ತದೆ. ಪಾದ್ರಿ ಮಾತ್ರ, ಉಪ್ಪಿಲ್ಲದ ಪದಾರ್ಥ ಬಾಯಿಗಿಟ್ಟವನ ಹಾಗೆ ಉಗುಳಿ, ನಿಂತಲ್ಲೇ ನಿಂತು ಇನ್ನೊಂದು ನೊಣ ತಿಂದ.

ಅವಳು ನೊಣವನ್ನು ಬೆರಳಲ್ಲಿ ಹಿಡಿದು ನೋಡಿದಳು. ಅವಳದೇ ಕೈಕೆಲಸ, ಕಾಲರಿನಲ್ಲಿ ಚಳಿಗಾಲ ಕಳೆದದ್ದು. ಗಾಳಕ್ಕೆ ಮೊನೆ ಇರಲಿಲ್ಲ. ಬಾಗಿದ ಕಡೆಯಲ್ಲೇ ಯಾರೋ ನುಣ್ಣಗೆ ಕತ್ತರಿಸಿದ್ದರು.

"ನನ್ನ ಗಾಳ ಮುರಿಯಲ್ಲ," ಎಂದಳು. "ಯಾರು ಕತ್ತರಿಸಿದ್ದು ಇದನ್ನ?"

ಐವರ್‌ನ ಕಿವಿ ಕೆಂಪೇರಿತು, ಮೊದಲು ತುದಿ, ಆಮೇಲೆ ಪೂರ್ತಿ. "ನಾನೇ. ಇಕ್ಕಳದಲ್ಲಿ."

"ಯಾಕೆ?"

"ಮೊದಲನೇ ದಿನಾನೇ ಅವನು ಬಾಯಿ ಹಾಕ್ಬಿಟ್ಟ. ಬಿಡಿಸಿ ನೀರಿಗೆ ಬಿಡೋಷ್ಟರಲ್ಲಿ ಸಾಕಾಯ್ತು. ಹಿಡಿದ ಮೇಲೆ ಇಲ್ಲಿ ಕೂರೋಕೆ ನೆಪ ಎಲ್ಲಿರುತ್ತೆ? ದಿನಾ ಸಂಜೆ ನೀವು ಇದೇ ದಾರೀಲಿ ಅತ್ತೆ ಮನೆಗೆ ಹೋಗ್ತೀರ ಅಂತ ಗೊತ್ತಿತ್ತು. ಬರ್ತೀರಿ, ಪಾದ್ರಿ ಏನು ತಿಂತಿದಾನೆ ಅಂತ ಕೇಳ್ತೀರಿ, ಆಮೇಲೆ ನಾನೇನು ಹೇಳ್ಬೇಕು ಅಂತೆಲ್ಲ ಯೋಚಿಸಿ ಇಟ್ಕೊಂಡಿದ್ದೆ. ನೀವು ನೋಡಿದ್ರೆ ಬೇಲಿ ಹಾರ್ತಿದ್ರಿ."

ಮೇವಿಸ್ ಲಂಗದ ಅಂಚನ್ನು ಸ್ವಲ್ಪ ಎತ್ತಿ ಬೊಬ್ಬೆ ಎದ್ದ ಕಾಲು ತೋರಿಸಿದಳು.

"ಇದು ಸಿಟ್ಟು ಅಂದ್ಕೊಂಡ್ರಾ? ನಿಮ್ಮ ಮೀನಿಗೆ ಕೊಟ್ಟ ಮರ್ಯಾದೆ ಇದು. ಗಲ್ಲಕ್ಕೂ ಬಂತು ನೋಡಿ."

ಅವನು ನೋಡಿದ. ನಗು ಮೊದಲು ಯಾರಿಗೆ ಬಂತೋ, ಇಬ್ಬರೂ ಬೆಂಚು ಹಿಡಿದುಕೊಂಡು ನಕ್ಕರು. ನಗು ಇಳಿದಾಗ ಅವನ ಬೆರಳು ಅವಳ ಗಲ್ಲದ ಉರಿಯ ಪಕ್ಕದಲ್ಲಿತ್ತು, ತಾಗದೆ.

"ನಾಳೆ ನಾನು ಕಾರ್ಖಾನೆಯವರಿಗೆ ಹೇಳ್ಬೇಕು," ಎಂದ ಐವರ್, ನಿಧಾನವಾಗಿ. "ಹೋಗ್ಲಾ, ಇರ್ಲಾ, ಮೇವಿಸ್? ಇದ್ರೆ ಗಿರಣಿ ಅಟ್ಟದಲ್ಲಿ ಒಬ್ಬನೇ ಇರೋಕಲ್ಲ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಅವಳು ಕೈ ತಡೆದಳು. ಹೊಳೆ ಹರಿಯುತ್ತಿತ್ತು. ಅವನು ಉಸಿರು ಹಿಡಿದು ಕಾಯುತ್ತಿದ್ದ, ಒಂದು ಸಲವೂ ಎಳೆಯದೆ. ಬಂದೆ, ಟೀಗೆ ನೀರಿಟ್ಟು ಬಂದೆ.

"ಇರು," ಎಂದಳು.

ಪಾದ್ರಿ ಎದುರಿಗೇ ಇನ್ನೊಂದು ಉಂಗುರ ಬಿಡಿಸಿದ. ಇಬ್ಬರೂ ಅತ್ತ ನೋಡಲಿಲ್ಲ. ಮೊನೆಯಿಲ್ಲದ ನೊಣವನ್ನು ಮೇವಿಸ್ ಅವನ ಕಾಲರಿಗೆ ತಿರುಗಿ ಸಿಕ್ಕಿಸಲು ನೋಡಿದಳು, ಅದು ನಿಲ್ಲಲಿಲ್ಲ. ತನ್ನ ಕಾರ್ಡಿಗನ್ನಿನಿಂದ ಒಂದು ಎಳೆ ಹಳದಿ ಉಣ್ಣೆ ಕಿತ್ತು ಅದನ್ನು ಅವನ ಗುಂಡಿಗೆ ಕಟ್ಟಿದಳು, ನೊಣ ಕಟ್ಟುವ ಗಂಟಿನಲ್ಲೇ. ಆ ಗಂಟು ಬಿಚ್ಚುವುದಿಲ್ಲ.

ಅಷ್ಟರಲ್ಲಿ ದಂಡೆಯ ತಿರುವಿನಲ್ಲಿ ಅಪ್ಪ ಕಾಣಿಸಿಕೊಂಡ. ನೀರುಕಳೆ ಕೊಯ್ದು, ಉದ್ದ ಹಿಡಿಯ ಕುಡುಗೋಲನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ಹೊರಟಿದ್ದ. ಬೆಂಚಿನ ಮೇಲೆ ಇಬ್ಬರು ಕೂತಿರುವುದನ್ನು ನೋಡಿ ತಟಕ್ಕನೆ ನಿಂತ. ಹಳದಿ ಕಾರ್ಡಿಗನ್ ಅವನಿಗೆ ಕಾಣದೆ ಇರಲಾರದು. ಕರೆಯಲೇ ಎಂದು ಮೇವಿಸ್ ಅರ್ಧ ಎದ್ದಳು.

ಅಪ್ಪ ಟೋಪಿಯ ಅಂಚು ಮುಟ್ಟಿಕೊಂಡ. ಆಮೇಲೆ, ನೋಯುವ ಸೊಂಟವನ್ನು ಸಾಧ್ಯವಾದಷ್ಟು ಬಗ್ಗಿಸಿ, ಬೇಲಿ ದಾಟಿ, ಸದ್ದಾಗದಂತೆ ತುರಚೆ ಗಿಡಗಳ ನಡುವೆ ಇಳಿದುಹೋದ.