ಎರಡನೇ ಕೋಣೆಯ ಪೆಟ್ಟಿಗೆ

೨೦೦೪ರ ಜನವರಿ ೧೧, ಬೆಳಿಗ್ಗೆ ೭.೨೦. ಅಂತರಸಂತೆ ರಸ್ತೆಯ ವೃದ್ಧಾಶ್ರಮದ ಆಯಾ ಪುಟ್ಟಲಕ್ಷ್ಮಿ ಎಚ್.ಡಿ. ಕೋಟೆ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದಳು.

“ನಾನೇ ಕೊಂದ್ಬುಟ್ಟೆ ಕಣ್ರವ್ವ. ಕುಳ್ಳಮ್ಮಜ್ಜಿ ಚಳಿ ಅಂತ ನಡುಗ್ತಿತ್ತು. ಕೆಂಡದ ಬಾಂಡ್ಲಿ ಇಟ್ಟು, ಬಾಗ್ಲು ಮುಚ್ಚಿ, ಆಚೆನೇ ಮಲಗಿದ್ದೆ. ವಿಷದ ಗಾಳಿ ತುಂಬಿದ್ರೆ ಗೋಡೆ ಪೆಟ್ಟಿಗೆ ಕೂಗ್ತದೆ ಅಂದಿದ್ರು. ಕೂಗ್ಲೇ ಇಲ್ಲ.”

ಪಿ.ಎಸ್.ಐ. ಪ್ರಮೀಳಾ ಮೊದಲು ಅವಳ ಕೈಗೆ ಟೀ ಕೊಟ್ಟರು. ಆಮೇಲೆ ದೂರು ಬರೆದುಕೊಂಡು ಎಫ್‌ಐಆರ್ ದಾಖಲಿಸಿದರು.

೯.೧೫ಕ್ಕೆ ಆಶ್ರಮದಲ್ಲಿ ಪಂಚನಾಮೆ. ಹೆಂಗಸರ ಎರಡು ಕೋಣೆಗೂ ಒಂದೊಂದು ಪೆಟ್ಟಿಗೆ. ಪ್ರತಿ ಸೋಮವಾರ ಗುಂಡಿ ಒತ್ತಿ ಪರೀಕ್ಷಿಸುತ್ತಿದ್ದವನು ರಿಪೇರಿ ಕೆಲಸದ ವೀರಭದ್ರಸ್ವಾಮಿ. ರಿಜಿಸ್ಟರಿನಲ್ಲಿ ಪ್ರತಿ ವಾರವೂ ಅವನ ಸಹಿ: ‘ಎರಡೂ ಸರಿ’.

ಹೆಡ್ ಕಾನ್‌ಸ್ಟೇಬಲ್ ಚಿಕ್ಕಬಸಪ್ಪ, ಕುಳ್ಳಮ್ಮ ತೀರಿಕೊಂಡಿದ್ದ ಎರಡನೇ ಕೋಣೆಯ ಗುಂಡಿ ಒತ್ತಿದರು. ಸದ್ದಿಲ್ಲ. ಹೊಸ ಬ್ಯಾಟರಿ ಹಾಕಿದರೂ ಇಲ್ಲ. ಮೊದಲ ಕೋಣೆಯದು ಕಿರುಚಿತು.

“ಅಯ್ಯೋ, ಕಿವಿ ತೂತಾಯ್ತು ಕಣಪ್ಪ!” ಹಾಸಿಗೆಯಿಂದ ಬೈದವಳು ಸಣ್ಣತಾಯಮ್ಮ, ವೀರಭದ್ರಸ್ವಾಮಿಯ ತಾಯಿ.

ಪ್ರಮೀಳಾ ಎರಡನ್ನೂ ಬಿಚ್ಚಿಸಿ ಹಿಂಬದಿಯ ನಂಬರು ನೋಡಿದರು. ದಾಸ್ತಾನು ಪುಸ್ತಕದ ಪ್ರಕಾರ ೧೭ ಮೊದಲ ಕೋಣೆಯದು, ೧೮ ಎರಡನೆಯದು. ಗೋಡೆಯ ಮೇಲಿದ್ದದ್ದು ಅದಲುಬದಲಾಗಿ. ಎರಡನ್ನೂ ಜಪ್ತಿ ಮಾಡಿದರು.

ಮಧ್ಯಾಹ್ನ ವೈದ್ಯರ ವರದಿ ಬಂತು: ಕೆಂಡದ ಅನಿಲದಿಂದ ಸಾವು. ಪ್ರಮೀಳಾ ವೀರಭದ್ರಸ್ವಾಮಿಯನ್ನು ಕರೆಸಿದರು.

“ಬದಲಾಯಿಸಿದ್ದು ಯಾರು?”

“ನಾನೇ ಮೇಡಂ.”

“ಯಾವಾಗ?”

“ನವೆಂಬರಲ್ಲಿ. ಅವ್ವನ ರೂಮಿಂದು ಕೆಟ್ಟೋಯ್ತು. ಹೊಸದು ಬೇಕು ಅಂತ ಎರಡು ಸಲ ಆಫೀಸಿಗೆ ಬರ್ಕೊಟ್ಟೆ. ಬರ್ಲಿಲ್ಲ.”

“ಸರಿ ಇದೆ ಅಂತ ಯಾಕೆ ಸಹಿ ಹಾಕಿದಿರಿ?”

“ಎರಡನೇ ರೂಮಿಂದು ಕೆಟ್ಟಿದೆ ಅಂದ್ರೆ, ಅಲ್ಲಿದ್ದ ಚೆನ್ನಾಗಿರೋದನ್ನ ಎಲ್ಲಿಗೆ ಹಾಕ್ದೆ ಅಂತ ಕೇಳ್ತಿದ್ರು.” ಅವನು ತಲೆ ಎತ್ತಲಿಲ್ಲ. “ಇದ್ದದ್ದು ಒಂದೇ. ಅವ್ವನೂ ಒಬ್ಬಳೇ.”

“ಪುಟ್ಟಲಕ್ಷ್ಮಿಗಾದರೂ ಒಂದು ಮಾತು ಹೇಳಬಹುದಿತ್ತು.”



ಸಂಜೆ ೪.೧೦ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ೩೦೪ಎ ಅಡಿ ಬಂಧನ. ಆಶ್ರಮದ ಅಂಗಳದಲ್ಲಿ ಜೀಪು ಹತ್ತುವ ಮುನ್ನ ಅವನು ಪುಟ್ಟಲಕ್ಷ್ಮಿಯತ್ತ ತಿರುಗಿದ.

“ಅವ್ವನ ರೂಮಿನ ಪೆಟ್ಟಿಗೆನೂ ತಗೊಂಡೋಗ್ತಾವ್ರೆ. ಇವತ್ತು ಕೆಂಡ ಇಡಬ್ಯಾಡ ಕಣವ್ವ.”

ಬೆಳಗಿನಿಂದ ಅವಳ ಕಣ್ಣು ಒಣಗಿರಲಿಲ್ಲ.

“ಇಡಾಕಿಲ್ಲ ಬುಡಣ್ಣ,” ಎಂದಳು. “ನಿಮ್ಮವ್ವಂಗೆ ನನ್ನ ಕಂಬ್ಳಿನೂ ಹೊದಿಸಿ ಬಂದಿವ್ನಿ.”