ಅವಳ ಕೈ ಬದಲಿಸಿದ ಮಾತು

"ನೀವು ಸುಳ್ಳು ಹೇಳಿದ್ರಿ!"

ಅವನ ಕೈಗಳು ಅವಳ ಮುಖದೆದುರೇ ಗಾಳಿ ಸೀಳಿದವು. ಚರ್ಚಿನಲ್ಲಿ ಭಾನುವಾರದ ಆರಾಧನೆ ಆಗಷ್ಟೇ ಮುಗಿದಿತ್ತು. ಜನ ಕುರ್ಚಿ ಸರಿಸಿಕೊಂಡು, ಅವರಿವರನ್ನು ಮಾತಾಡಿಸಿಕೊಂಡು ಹೊರಗೆ ಹೋಗುತ್ತಿದ್ದರು. ಯಾರಿಗೂ ಆ ಕೂಗು ಕೇಳಿಸಲಿಲ್ಲ. ಕೇಳಿಸುವುದಾದರೂ ಹೇಗೆ? ಅವನು ಕೂಗಿದ್ದು ಕೈಯಲ್ಲಿ!

ಅವಳು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದಳು.

ಅವಳು ಪಾಸ್ಟರ ಒಬ್ಬಳೇ ಮಗಳು. ಅಪ್ಪ ಪ್ರಸಂಗ ಮಾಡುವಾಗ ಪಕ್ಕದಲ್ಲಿ ನಿಂತು, ಮುಂದಿನ ಎರಡು ಸಾಲುಗಳಲ್ಲಿ ಕೂತ ಕಿವಿ ಕೇಳದವರಿಗೆ ಅದನ್ನು ಸನ್ನೆಯ ಭಾಷೆಯಲ್ಲಿ ಹೇಳುವುದು ಅವಳ ಸೇವೆ. ಹದಿನಾಲ್ಕನೇ ವಯಸ್ಸಿನಿಂದ ಒಂದು ವಾರವೂ ತಪ್ಪಿಸಿದವಳಲ್ಲ.

ಎದುರಿಗೆ ನಿಂತವನು ಬೀದಿ ಕೊನೆಯ ಕನ್ನಡಕದಂಗಡಿಗೆ ಹೊಸದಾಗಿ ಸೇರಿದವನು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಒಂಬತ್ತನೇ ವಯಸ್ಸಿಗೆ ಜ್ವರ ಬಂದು ಕಿವಿ ಹೋಗಿ, ಬಾಯಿಮಾತೂ ನಿಂತುಹೋಗಿತ್ತು, ಆದರೆ ತುಟಿ ನೋಡಿ ಮಾತು ಹಿಡಿಯುವುದನ್ನು ಚೆನ್ನಾಗಿ ಕಲಿತಿದ್ದ. ಎಡವಟ್ಟಾಗಿದ್ದೇ ಅಲ್ಲಿ!

"ನಾನು ಪಾಸ್ಟರ ತುಟಿ ನೋಡ್ತಾ ಇದ್ದೆ. 'ಸ್ವಂತ ಆಸೆಗಳನ್ನ ಅದುಮಿಡಿ, ಸೇವೆ ಒಂದೇ ಸಾಕು' ಅಂದ್ರು ಅವರು. ನೀವೇನು ಹೇಳಿದ್ರಿ? 'ಆಸೆ ಇದ್ರೆ ದೇವರ ಹತ್ರ ಹೇಳಿ, ಅವನು ಬೈಯೋದಿಲ್ಲ' ಅಂತ! ನಾವೇನು ಎಳೆ ಮಕ್ಕಳಾ? ನಮಗೇನು ಒಗ್ಗುತ್ತೆ ಅಂತ ನೀವೇ ನೋಡಿ, ಕಿವುಚಿ ತಿನ್ನಿಸೋಕೆ?"

ಅವಳ ಕೈ ಮೇಲೆದ್ದಿತು... ಹಾಗೇ ಕೆಳಗಿಳಿಯಿತು.

'ನಾನು ಹಾಗೆ ಹೇಳಿದೆನಾ? ಯಾವಾಗ ಹೇಳಿದೆ?'

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನು ತಲೆಯಾಡಿಸಿ ಹೊರಟುಹೋದ.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವಳ ಕೈ ನಡುಗುತ್ತಿತ್ತು. ಆದರೆ ಆ ಮನೆಯಲ್ಲಿ ಅವಳ ಕೈಗೆ ರಜೆ ಎಂಬುದೇ ಇರಲಿಲ್ಲ.

"ಉಪ್ಪು ಕಮ್ಮಿ ಆಗಿದೆ ಅಂತ ನಿಮ್ಮಮ್ಮನಿಗೆ ಹೇಳು," ಎಂದರು ಅಪ್ಪ.

"ಊಟ ಚೆನ್ನಾಗಿದೆಯಂತೆ," ಎಂದವು ಅವಳ ಕೈಗಳು.

ಅಮ್ಮ ಹುಟ್ಟಿನಿಂದಲೇ ಕಿವಿ ಕೇಳದವಳು. ತಟ್ಟೆ ಕೆಳಗಿಟ್ಟು ಕೈಯಾಡಿಸಿದಳು. "ಚೆನ್ನಾಗಿದ್ರೆ ಮುಖ ಯಾಕೆ ಹಾಗಿದೆ? ಹಿಡಿಸದಿದ್ರೆ ಅವರೇ ಮಾಡ್ಕೊಳ್ಳಲಿ ಅಂತ ಹೇಳು."

"ನಾಳೆ ಸರಿ ಮಾಡ್ತಾಳಂತೆ ಅಪ್ಪಾ," ಎಂದಳು ಅವಳು ಬಾಯಲ್ಲಿ.

ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡುತ್ತಿದ್ದರು. ಮಗಳಿಗೆ ನಾಲ್ಕು ವರ್ಷವಾಗಿ ಎರಡೂ ಭಾಷೆ ಬಂದದ್ದೇ ತಡ, ನೋಟ್‌ಬುಕ್ಕು ಅಟ್ಟ ಸೇರಿತು. ಅಪ್ಪನಿಗೆ ಸನ್ನೆ ಕಲಿಯುವ ಅಗತ್ಯವೇ ಬೀಳಲಿಲ್ಲ. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಒಂದು ಜಗಳವಿಲ್ಲ. ಚರ್ಚಿನವರೆಲ್ಲ "ಗಂಡಹೆಂಡತಿ ಅಂದ್ರೆ ಹೀಗಿರಬೇಕು" ಎನ್ನುತ್ತಿದ್ದರು. ಇಬ್ಬರ ಸಿಟ್ಟನ್ನೂ ನಡುವೆ ಕೂತು ನುಂಗುತ್ತಿದ್ದವಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಂಥವಳ ಕಪಾಟಿನಲ್ಲಿ, ಬಟ್ಟೆಗಳ ಅಡಿಯಲ್ಲಿ ಒಂದು ಪತ್ರವಿತ್ತು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಟೀಚರ್ ತರಬೇತಿಯಲ್ಲಿ ಸೀಟು ಸಿಕ್ಕಿದೆ, ಮುಂದಿನ ತಿಂಗಳ ಒಂದನೇ ತಾರೀಖಿನೊಳಗೆ ಬಂದು ಸೇರಿ ಎಂಬ ಪತ್ರ. ಒಂಬತ್ತು ಗಂಟೆ ಬಸ್ಸಿನ ದಾರಿ. ಎರಡು ವರ್ಷ ಅಲ್ಲೇ ಇರಬೇಕು.

ಹೋದ ವರ್ಷವೂ ಬಂದಿತ್ತು. 'ದೇವರ ಚಿತ್ತ ಇಲ್ಲವೇನೋ' ಎಂದುಕೊಂಡು ಹರಿದು ಹಾಕಿದ್ದಳು.

'ನನಗೋಸ್ಕರ ಏನಾದರೂ ಬೇಕು ಅನ್ನೋದೇ ತಪ್ಪಲ್ವಾ? ಈ ಕೈ ದೇವರು ಸೇವೆಗೆ ಅಂತ ಕೊಟ್ಟಿದ್ದು. ನಾನು ಎದ್ದು ಹೋದರೆ ಇವರಿಬ್ಬರ ಗತಿ?'

ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ನಾಲ್ಕನೇ ದಿನ ಅಮ್ಮನ ಕನ್ನಡಕದ ಕಾಲು ಸಡಿಲವಾಗಿದೆ ಎಂಬ ನೆಪ ಹಿಡಿದು ಆ ಅಂಗಡಿಗೆ ಹೋದಳು.

ಅವನು ಒಳಗೆ ಗಾಜು ಉಜ್ಜುತ್ತಿದ್ದ. ಅವಳನ್ನು ನೋಡಿ ಮೆಷಿನ್ ನಿಲ್ಲಿಸಿದ. ಕನ್ನಡಕ ತೆಗೆದುಕೊಂಡು, ಸಣ್ಣ ಸ್ಕ್ರೂ ಬಿಗಿ ಮಾಡಿ ವಾಪಸ್ ಕೊಟ್ಟ. ಅವಳು ಹೋಗಲಿಲ್ಲ.

"ಅವತ್ತು ನಾನು ಹೇಳಿದ್ದು ನಿಮಗಲ್ಲ," ಎಂದಳು. "ನನಗೆ. ನನಗೆ ಯಾರಾದ್ರೂ ಹೇಳಲಿ ಅಂತ ಇದ್ದ ಮಾತು... ಕೈಯಿಂದ ತಾನಾಗೇ ಬಂದುಬಿಡ್ತು. ಕ್ಷಮಿಸಿ."

ಅವನ ಮುಖದ ಗಂಟು ಸಡಿಲವಾಯಿತು. ಸ್ಟೂಲ್ ಎಳೆದು ಮುಂದಿಟ್ಟ. ಅವಳು ಕೂತು, ಯಾರಿಗೂ ಹೇಳದ ಪತ್ರದ ಕಥೆಯನ್ನು ಅವನಿಗೆ ಹೇಳಿದಳು.

"ಅಪ್ಪ ಬೇಡ ಅಂದ್ರಾ?"

"ಇಲ್ಲ. ಕೇಳಿಲ್ಲ."

"ಅಮ್ಮ?"

"ಕೇಳಿಲ್ಲ."

"ದೇವರನ್ನಾದ್ರೂ ಕೇಳಿದ್ರಾ?"

ಅವಳು ಕೆಳತುಟಿ ಕಚ್ಚಿಕೊಂಡಳು.

"ಹೆದರಿಕೆ. 'ಹೋಗು' ಅಂದುಬಿಟ್ರೆ?"

ಅವನು ನಗಲಿಲ್ಲ. ಅವಳನ್ನೇ ನೋಡುತ್ತಾ ಕೂತ. ಆ ಗಳಿಗೆಯಲ್ಲೇ ಅವನ ಮನಸ್ಸು ಜಾರಿತು ಎಂದು ನಾವು ಹೇಳಬಹುದು. ಅವನು ಮಾತ್ರ ಇನ್ನೂ ಒಂದು ವಾರ ಒಪ್ಪಿಕೊಳ್ಳಲಿಲ್ಲ!

ಆಮೇಲೆ ಅಮ್ಮನ ಕನ್ನಡಕಕ್ಕೆ ಅದೇನು ಗ್ರಹಚಾರವೋ, ಎರಡು ದಿನಕ್ಕೊಮ್ಮೆ ಕಾಲು ಸಡಿಲವಾಗುತ್ತಿತ್ತು. ಅವನ ಎದುರು ಅವಳ ಕೈಗಳು ಬೇರೆಯವರ ಮಾತು ಹೊರಬೇಕಿರಲಿಲ್ಲ. ತನ್ನ ಸಿಟ್ಟು, ತನ್ನ ತಮಾಷೆ, ತನ್ನ ಆಸೆ... ಇವೆಲ್ಲ ತನ್ನೊಳಗೆ ಎಲ್ಲಿದ್ದವು ಎಂದು ಅವಳಿಗೇ ಆಶ್ಚರ್ಯ.

ಆದರೆ ಮನೆಯ ಬಾಗಿಲು ದಾಟಿದ ಕೂಡಲೇ ಮತ್ತೆ ಅದೇ ಉಸಿರುಗಟ್ಟುವಿಕೆ. "ಅಮ್ಮನಿಗೆ ಹೇಳು." "ಅಪ್ಪನಿಗೆ ಹೇಳು." ದಿನಗಳು ಉರುಳಿದವು. ಒಂದನೇ ತಾರೀಖಿಗೆ ಆರೇ ದಿನ ಉಳಿದವು.

"ಈ ಸಲವೂ ಬಿಟ್ಟುಬಿಡ್ತೀನಿ," ಎಂದಳು ಅವನಿಗೆ.

ಅವನ ಕಣ್ಣು ಕೆಂಪಾಯಿತು. "ಭಾನುವಾರ ಮಧ್ಯಾಹ್ನ ನಿಮ್ಮ ಮನೆಗೆ ಬರ್ತೀನಿ. ಅಪ್ಪನ ಹತ್ರ ಮಾತಾಡಬೇಕು."

"ಬೇಡ! ಪತ್ರದ ವಿಷಯ ಎತ್ತಬೇಡಿ, ನಿಮ್ಮ ದಮ್ಮಯ್ಯ..."

ಅವನು ಕಣ್ಣು ಮುಚ್ಚಿಕೊಂಡ. ಅಷ್ಟೇ! ಕಣ್ಣು ಮುಚ್ಚಿದವನಿಗೆ ಅವಳು ಹೇಗೆ ಬೇಡಿಕೊಂಡಾಳು? ಅಳುತ್ತಾ ಓಡಿಬಂದಳು.

'ನಂಬಿ ಹೇಳಿದ್ದಕ್ಕೆ ಹೀಗಾ? ಅವನೂ ನನ್ನ ಬಾಯಿಂದ ತನ್ನ ಮಾತೇ ಆಡಿಸೋನು!'

ಭಾನುವಾರ ಅವನು ಬಂದೇ ಬಂದ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಕೂದಲು. ಅಪ್ಪ ಕುರ್ಚಿ ತೋರಿಸಿದರು. ಅಮ್ಮ ಎದುರು ಕೂತಳು. ಅವಳು ಯಥಾಪ್ರಕಾರ ನಡುವೆ.

"ಒಂದೇ ಒಂದು ಕೇಳ್ಕೋತೀನಿ," ಎಂದ ಅವನು ಅವಳಿಗೆ. "ಇದ್ದದ್ದು ಇದ್ದ ಹಾಗೇ ಹೇಳಬೇಕು."

ಸನ್ನೆ ಮಾಡುವವರು "ನಾನು" ಎಂದರೆ ಹೇಳುವವರೂ "ನಾನು" ಎಂದೇ ಹೇಳಬೇಕು. ಅದು ಆ ಕೆಲಸದ ರೀತಿ. ಅವಳು ಅವನ ಕೈ ನೋಡುತ್ತಾ ಹೇಳತೊಡಗಿದಳು.

"ನಾನು ಕನ್ನಡಕದಂಗಡಿಯಲ್ಲಿ ಕೆಲಸ ಮಾಡ್ತೀನಿ. ಅಪ್ಪ ಅಮ್ಮ ಇಲ್ಲ, ಅಕ್ಕನೇ ಸಾಕಿದ್ದು. ನಾನು... ನಿಮ್ಮ ಮಗಳನ್ನ..."

ಅಮ್ಮನಿಗೆ ಆಗಲೇ ಅರ್ಥವಾಗಿತ್ತು. ಬಾಯಿಗೆ ಸೆರಗು ಅಡ್ಡ ಹಿಡಿದಳು.

"ನನ್ನ ಮಗಳನ್ನ? ಏನಂತೆ?" ಅಪ್ಪ ಮುಂದೆ ಬಾಗಿದರು.

"...ಪ್ರೀತಿಸ್ತೀನಿ," ಎಂದಳು.

ಇಂಥ ಪಜೀತಿ ಯಾವ ಹುಡುಗಿಗೂ ಬೇಡ! ತನ್ನನ್ನು ಪ್ರೀತಿಸುವ ಮಾತನ್ನು ತಾನೇ ಹೇಳಬೇಕು, ಅದೂ ಅಪ್ಪನ ಮುಖ ನೋಡಿಕೊಂಡು! ಕಿವಿಯ ತನಕ ಕೆಂಪಾದಳು. ಅವನು ನಿಲ್ಲಿಸಲಿಲ್ಲ.

"ಆದ್ರೆ ನಾನು ಇವತ್ತು ಮದುವೆ ಕೇಳೋಕೆ ಬಂದಿಲ್ಲ. ಅವಳು ನಿಮಗೆ ಒಂದು ಮಾತು ಹೇಳೋದಿದೆ. ಅದು ಅವಳದು, ನಾನು ಹೇಳೋದಿಲ್ಲ. ಹೇಳೋವಾಗ ಜೊತೆಗೆ ಒಬ್ಬರು ಇರಲಿ ಅಂತ ಬಂದೆ."

ಅವನು ಕೈಗಳನ್ನು ಮಡಿಲಲ್ಲಿಟ್ಟುಕೊಂಡ.

'ಇಷ್ಟಕ್ಕಾ ಬಂದದ್ದು? ಇವನ ಮೇಲಾ ನಾನು ಸಂದೇಹಪಟ್ಟಿದ್ದು!'

"ಏನು ಮಾತು ಮಗಳೇ?" ಅಪ್ಪ ಕೇಳಿದರು.

ಏನೂ ಇಲ್ಲ ಎನ್ನಬಹುದಿತ್ತು. ಇಪ್ಪತ್ತು ವರ್ಷದ ಅಭ್ಯಾಸ ನಾಲಿಗೆಯ ತುದಿಗೆ ಬಂದೇಬಿಟ್ಟಿತು. 'ಕರ್ತನೇ... ಒಂದೇ ಸಲ. ಒಂದೇ ಸಲ ಧೈರ್ಯ ಕೊಡು.'

ಬಾಯಿ, ಕೈ ಎರಡೂ ಒಟ್ಟಿಗೆ ಮಾತಾಡಿದವು. ಸೀಟು, ಎರಡು ವರ್ಷ, ಹೋದ ವರ್ಷ ಹರಿದ ಪತ್ರ, ಎಲ್ಲವೂ ಬಂತು.

"ನನಗೆ ಹೋಗೋ ಆಸೆ ಇದೆ ಅಪ್ಪಾ. ತುಂಬಾ ಆಸೆ ಇದೆ!"

"ಯಾರು ಬೇಡ ಅಂದ್ರು ಪುಟ್ಟಿ?"

"ನಾನೇ..." ಅವಳು ಬಿಕ್ಕಿದಳು. "ನಾನು ಹೋದ್ರೆ ನೀವಿಬ್ರೂ ಹೇಗೆ ಮಾತಾಡ್ತೀರಾ? ಇಷ್ಟು ವರ್ಷ ನಾನು ಬದಲಾಯಿಸಿ ಹೇಳಿದೀನಿ. ನೀವು ಗೊಣಗಿದ್ದು ಅಮ್ಮನಿಗೆ ಹೇಳಿಲ್ಲ, ಅಮ್ಮ ಬೈದಿದ್ದು ನಿಮಗೆ ಹೇಳಿಲ್ಲ. ನಾನಿಲ್ಲದಿದ್ರೆ ಈ ಮನೆ ಒಡೆದುಹೋಗುತ್ತೆ!"

ಅಮ್ಮ ಎದ್ದು ನಿಂತಳು. ಅವಳ ಕೈಗಳು ಅಷ್ಟು ವೇಗವಾಗಿ ಓಡಿದ್ದನ್ನು ಮಗಳು ಎಂದೂ ನೋಡಿರಲಿಲ್ಲ.

"ಹುಚ್ಚು ಹುಡುಗಿ! ಇವರು ಮುಖ ಸಿಂಡರಿಸೋದು ನನಗೆ ಕಾಣೋದಿಲ್ವಾ? ಕಿವಿ ಇಲ್ಲ ನನಗೆ, ಕಣ್ಣಿದೆ! ಒಂದು ದಿನ ನೆಟ್ಟಗೆ ಜಗಳ ಆಡೋಕೂ ಬಿಡಲಿಲ್ಲ ನೀನು. ಗಂಡನ ಹತ್ರ ಆಡೋ ಮಾತನ್ನೆಲ್ಲ ಮಗಳ ಬಾಯಲ್ಲಿ ಹೇಳಿಸೋಕಾಗುತ್ತಾ? ಎಷ್ಟು ಮಾತು ನುಂಗಿಕೊಂಡಿದೀನಿ ಗೊತ್ತಾ? ಹೋಗು! ನನ್ನ ಗಂಡನ ಹತ್ರ ನಾನು ಮಾತಾಡ್ಕೋತೀನಿ!"

"ಏನಂತಾಳೆ?" ಅಪ್ಪನ ದನಿ ಸಣ್ಣದಾಗಿತ್ತು.

ಮಗಳು ಒಂದಕ್ಷರ ಬಿಡದೆ ಹೇಳಿದಳು. ಅಪ್ಪನ ಕಿವಿ ಕೆಂಪಾಯಿತು.

"ಆಸೆ ಅದುಮಿಡಿ ಅಂತ ಪ್ರಸಂಗ ಮಾಡೋದು ಸುಲಭ," ಎಂದರು. "ದೇವರು ನಿನ್ನೊಳಗೆ ಇಟ್ಟಿದ್ದನ್ನ ನಾನೇ ಅದುಮಿಬಿಟ್ಟೆನಾ ಮಗಳೇ?"

"ಇಲ್ಲಪ್ಪಾ. ಅದುಮಿದ್ದು ನಾನೇ. ದೇವರ ಹೆಸರು ಮಾತ್ರ ಹೇಳ್ತಿದ್ದೆ."

ಅಪ್ಪ ಹೆಂಡತಿಯ ಕಡೆ ತಿರುಗಿದರು. ಅಂಗೈಯನ್ನು ಎದೆಯ ಮೇಲಿಟ್ಟು ಏನೋ ಉಜ್ಜಿದರು. 'ಕ್ಷಮಿಸು' ಎನ್ನಲು ಹೋಗಿದ್ದರು ಪಾಪ. ಆದದ್ದು ಬೇರೆ. ಅಮ್ಮ ಒಂದು ಕ್ಷಣ ಕಣ್ಣರಳಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಆ ಸನ್ನೆಯಲ್ಲಿ ಅವರು ಸೋಪು ಕೇಳಿದ್ದರು!

ತಿದ್ದಲು ಮಗಳ ಕೈ ಮೇಲೆದ್ದಿತು. ಅವನು ಮೆಲ್ಲಗೆ ಆ ಕೈ ಹಿಡಿದುಕೊಂಡ. ಬೇಡ ಎಂದು ತಲೆಯಾಡಿಸಿದ.

ಅಮ್ಮ ಅಪ್ಪನ ಅಂಗೈ ಹಿಡಿದು, ಸರಿಯಾದ ಜಾಗದಲ್ಲಿಟ್ಟು, ಹೇಗೆ ಮಾಡಬೇಕೆಂದು ತೋರಿಸುತ್ತಿದ್ದಳು. ಅವಳೂ ಅವನೂ ಸದ್ದಿಲ್ಲದೆ ಹೊರಗಿನ ಮೆಟ್ಟಿಲಿಗೆ ಬಂದು ಕೂತರು.

"ಭಾನುವಾರದ ಸೇವೆ?" ಎಂದಳು ಕಣ್ಣೊರೆಸಿಕೊಂಡು.

"ತುಟಿ ನೋಡಿ ನಾನು ಹೇಳ್ತೀನಿ. ನಿಮ್ಮಪ್ಪ ಆ ಮೀಸೆ ಸ್ವಲ್ಪ ಕತ್ತರಿಸಿದ್ರೆ ಸಾಕು."

ಅವಳು ನಕ್ಕಳು. "ಮಂಗಳವಾರ ಬೆಳಿಗ್ಗೆ ಬಸ್ಸು. ಬರ್ತೀರಾ?"

"ಬರದೆ? ಉಳಿದವರ ಮಾತು ಕಿಟಕಿ ಮುಚ್ಚಿದ ಕೂಡಲೇ ಮುಗಿಯುತ್ತೆ. ನಮ್ಮದು ಗಾಜು ಮುಚ್ಚಿದ್ರೂ ನಡೆಯುತ್ತೆ, ಬಸ್ಸು ತಿರುವು ದಾಟೋವರೆಗೂ."

"ಹಾಗಾದ್ರೆ ನನ್ನ ಉತ್ತರ ಅಲ್ಲೇ ಹೇಳ್ತೀನಿ. ಬಸ್ಸಿನೊಳಗಿಂದ."

"ಅಷ್ಟು ದಿನ ತಡೆಯೋಕಾಗಲ್ಲ," ಎಂದ ಅವನು. "ಈಗಲೇ ಹೇಳು."

ಅವಳು ಬೆರಳನ್ನು ತನ್ನ ಎದೆಗಿಟ್ಟು "ನಾನು" ಎಂದಳು. ಮುಂದಿನದನ್ನು ಹೇಳುವಾಗ ಅವಳ ಕೈ ನಡುಗಲಿಲ್ಲ.